ಸೀಸನ್ ಪಾಸ್ ಬ್ಯಾಂಡೂ ನನ್ನ ಪೆನ್ಸಿಲ್ ಅಕ್ಷರವೂ

ನನ್ನ ಮೊಮ್ಮಗಳು ಚೈತ್ರಾ ಸೌಂಡ್ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ನಾನು ಜೀವನವಿಡೀ ಮಾಡಿದ ಕೆಲಸವೇ ಅದು. ಆಗ ನಮ್ಮನ್ನು ಮೈಕಿನವರು ಎನ್ನುತ್ತಿದ್ದರು, ಈಗ ಅವಳು ಕೊರಳಿಗೆ ಹಾಕಿಕೊಳ್ಳುವ ಕಾರ್ಡಿನಲ್ಲಿ ಇಂಜಿನಿಯರ್ ಎಂದು ಬರೆದಿದೆ. ಆ ಕಾರ್ಡನ್ನು ಓಣಿಯವರಿಗೆಲ್ಲ ತೋರಿಸಿಯಾಯಿತು. ಇಸ್ತ್ರಿ ಅಂಗಡಿಯವನಿಗೆ ಮೂರು ಸಲ ತೋರಿಸಿದೆನಂತೆ, ಅವನೇ ಹೇಳಿದ.

ಹೋದ ತಿಂಗಳು ಅವಳ ಕೆಲಸದ ಜಾಗದಲ್ಲಿ ಒಂದು ಸಂಗತಿ ನಡೆಯಿತು. ಅದರ ಖುಷಿ ನನ್ನ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಸಿಕ್ಕವರನ್ನೆಲ್ಲ ಹಿಡಿದು ಹೇಳುತ್ತಿದ್ದೆ. ಚೈತ್ರಾ, "ಮುತ್ಯಾ, ಹೇಳ್ಕೋತ ತಿರುಗಬ್ಯಾಡ, ಒಂದ್ ಕಡಿ ಬರೆದಿಡು. ನಮ್ಮ ಜೋಡಿ ಹೊಸದಾಗಿ ಸೇರಿದವರೂ ಓದ್ತಾರ," ಎಂದಳು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಾಗುಣಿತ ಅವಳು ತಿದ್ದುತ್ತಾಳೆ, ಮಾತು ನನ್ನದು.

ನಾನು ಯಾವಾಗ ಹೆಲ್ಪರ್ ಆದೆ, ಯಾವಾಗ ಉಸ್ತಾದ್ ಅನ್ನಿಸಿಕೊಂಡೆ ಎಂಬುದನ್ನು ಕಟ್ಟಿಕೊಂಡು ನಿಮಗೇನು. ಹೇಳಬೇಕಾದದ್ದು ನಾಲ್ಕು ಜನರ ಒಂದು ಬ್ಯಾಂಡಿನ ವಿಷಯ, ಮತ್ತು ನನ್ನ ಕೈಯಿಂದ ಅಳಿಸಿಹೋದ ಅವರ ಒಂದು ಹಾಡಿನ ವಿಷಯ. ಅಳಿಸಿದ್ದು ತಪ್ಪು. ಆಮೇಲೆ ಅದರ ಬಗ್ಗೆ ಸುಳ್ಳು ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು. ಇಪ್ಪತ್ತು ವರ್ಷ ಆ ಸುಳ್ಳು ನನ್ನ ಜೊತೆಯಲ್ಲೇ ಎದ್ದು ನನ್ನ ಜೊತೆಯಲ್ಲೇ ಮಲಗಿತು.

ನಮ್ಮದು ರಾಯಚೂರು ಕಡೆಯ ಹಳ್ಳಿ. ಹೈದರಾಬಾದಿಗೆ ಬಂದದ್ದು ಕಟ್ಟಡದ ಕೆಲಸಕ್ಕೆ. ಬೇಗಂಪೇಟೆಯಲ್ಲಿ ನಾವು ಕಟ್ಟುತ್ತಿದ್ದ ಕಟ್ಟಡದ ಎದುರಿಗೆ ಖಾಲಿಕ್ ಸಾಬರ ಮೈಕ್‌ಸೆಟ್ ಅಂಗಡಿ ಇತ್ತು. ಮಧ್ಯಾಹ್ನ ರೊಟ್ಟಿ ತಿಂದು ಜೊತೆಯವರೆಲ್ಲ ಮರಳಿನ ಮೇಲೆ ಒರಗಿದರೆ ನಾನು ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಬಿಚ್ಚಿಟ್ಟ ಆಂಪ್ಲಿಫೈಯರ್ ನೋಡುವುದು. ಬಾಯಿಂದ ಬಂದ ಮಾತು ತಂತಿಯೊಳಗೆ ಇಳಿದು, ಈ ಪೆಟ್ಟಿಗೆಯೊಳಗೆ ಏನೋ ತಿಂದು ದಪ್ಪವಾಗಿ, ಆ ಕಡೆ ಹೇಗೆ ಹೊರಬರುತ್ತದೆ ಎಂದು ನನಗೆ ಒಂದೇ ಯೋಚನೆ. ವಾರಗಟ್ಟಲೆ ನೋಡಿದ ಸಾಬರು ಒಂದು ದಿನ, "ಕ್ಯಾ ದೇಖ್ರಾ ಮಿಯಾಂ ರೋಜ್ ರೋಜ್? ಅಂದರ್ ಆಕೇ ದೇಖ್," ಎಂದರು, ದಿನಾ ಏನು ನೋಡುತ್ತೀ, ಒಳಗೆ ಬಂದು ನೋಡು ಎಂದು. ಒಳಗೆ ಹೋದೆ. ತಿರುಗಿ ಸಿಮೆಂಟ್ ಹೊರಲಿಲ್ಲ.

ಸಾಬರ ಅಂಗಡಿಯಲ್ಲಿ ಎರಡು ಕಾನೂನು. ಒಂದು, ಮದುವೆ ಇರಲಿ, ಮದುಮಗನ ಮೆರವಣಿಗೆಯ ಬಾರಾತ್ ಇರಲಿ, ಭಾಷಣ ಇರಲಿ, ಎಕೋ ಜಾಸ್ತಿ ಇಡಬೇಕು. ಮಾತು ಎರಡೆರಡು ಸಲ ಕೇಳಿದರೆ ಮಾತಾಡಿದವನು ದೊಡ್ಡ ಮನುಷ್ಯನಾಗಿ ಕಾಣುತ್ತಾನೆ ಎಂಬುದು ಅವರ ಲೆಕ್ಕ. ಇನ್ನೊಂದು, ಪ್ರತಿ ಕಾರ್ಯಕ್ರಮವೂ ಮೊದಲಿಂದ ಕೊನೆಯವರೆಗೆ ಒಂದು ಕ್ಯಾಸೆಟ್ಟಿನಲ್ಲಿ ತುಂಬಿರಬೇಕು. ಇದು ನೆನಪಿಗಾಗಿ ಅಲ್ಲ, ಜಗಳಕ್ಕಾಗಿ. ಮದುವೆ ಮುಗಿದ ಮೇಲೆ ಯಾರಾದರೂ ಬಂದು, ನಮ್ಮ ಬೀಗರು ಮಾತಾಡುವಾಗ ನಿಮ್ಮ ಮೈಕ್ ಸತ್ತುಹೋಗಿತ್ತು ಎಂದು ಕೂಗಾಡುವುದು ಇದ್ದೇ ಇತ್ತು. ಸಾಬರು ಮಾತಾಡುತ್ತಿರಲಿಲ್ಲ, ಕ್ಯಾಸೆಟ್ ಹಾಕುತ್ತಿದ್ದರು. ಒಂದು ಸಲ ಹಾಗೆ ಹಾಕಿದಾಗ, ಆ ಬೀಗರು ಮೈಕ್ ಹಿಡಿದು ಬರೀ ಕೆಮ್ಮಿ ಕೆಮ್ಮಿ ಕೂತದ್ದು ಸ್ಪಷ್ಟವಾಗಿ ಕೇಳಿತು. ಕೆಮ್ಮಿಗೂ ಎಕೋ ಇತ್ತು. ಬಂದವರು ಚಹಾ ಕುಡಿದು ಹೋದರು.

ತಕರಾರು ಇಲ್ಲ ಎಂದು ಗೊತ್ತಾದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಂದು ಮದುವೆ. ಹಾಗಾಗಿ ಲೇಬಲ್ಲಿನ ಮೇಲೆ ಪೆನ್ಸಿಲ್ಲಿನಲ್ಲೇ ಬರೆಯಬೇಕು, ರಬ್ಬರಿನಿಂದ ಉಜ್ಜಬೇಕು, ಮತ್ತೆ ಬರೆಯಬೇಕು. "ಪೆನ್ ಸೇ ಲಿಖೇ ತೋ ಕ್ಯಾಸೆಟ್ ಏಕೀಚ್ ಶಾದಿ ಕಾ ಹೋ ಜಾತಾ," ಎನ್ನುತ್ತಿದ್ದರು ಸಾಬರು. ಪೆನ್ನಿನಲ್ಲಿ ಬರೆದರೆ ಕ್ಯಾಸೆಟ್ ಒಂದೇ ಮದುವೆಯದಾಗಿಬಿಡುತ್ತದೆ. ನನ್ನ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಈ ಪೆನ್ಸಿಲ್ ನೆನಪಿಟ್ಟುಕೊಳ್ಳಿ.

ಆಮೇಲೆ ಹೈಟೆಕ್ ಸಿಟಿ ಕಡೆ ಗಾಜಿನ ಕಟ್ಟಡಗಳು ಏಳತೊಡಗಿದವು. ನಾನು ಸಿಮೆಂಟ್ ಹೊರುತ್ತಿದ್ದ ಕಾಲಕ್ಕೆ ಅಲ್ಲಿ ಬಂಡೆಗಳು ಬಿಟ್ಟರೆ ಮೇಯುವ ಆಡುಗಳು. ಈಗ ಮದುವೆ ಇಲ್ಲದ ತಿಂಗಳಲ್ಲೂ ನಮಗೆ ಕೆಲಸ. ಕಂಪನಿಯ ವಾರ್ಷಿಕ ದಿನ, ಕಂಪನಿಯವರ ಹೆಂಡತಿ ಮಕ್ಕಳ ದಿನ, ಹೊಸ ಕಟ್ಟಡಕ್ಕೆ ಹೋದ ದಿನ. ಅವರೆಲ್ಲ ಬ್ಯಾಂಡ್ ಕೇಳುತ್ತಿದ್ದರು. ಬ್ಯಾಂಡ್ ಎಂದರೆ ಆವರೆಗೆ ನನಗೆ ಬಾರಾತಿನ ಬ್ಯಾಂಡ್, ಕೆಂಪು ಕೋಟು, ತುತ್ತೂರಿ.

ಆ ದಿನಗಳಲ್ಲೇ ನಾಲ್ವರು ಅಂಗಡಿಗೆ ಬಂದರು. ನಾನು ಸಿಕ್ಕುಬಿದ್ದ ಕೇಬಲ್ ಬಿಡಿಸುತ್ತ ಅದನ್ನು ಬೈಯುತ್ತಿದ್ದೆ. ಬೈಯುವುದು ಕನ್ನಡದಲ್ಲೇ ಬರುತ್ತದೆ, ಏನು ಮಾಡುವುದು. ಅವರೊಳಗಿನ ಹುಡುಗಿ ನಕ್ಕಳು.

"ಅಣ್ಣಾರ, ಕನ್ನಡದಾಗ ಬೈದ್ರ ಕೇಬಲ್ ಬಿಚ್ಕೊಳ್ತೈತೇನ್ರಿ?"

"ರಾಯಚೂರ ಕೇಬಲ್ ಐತವ್ವ, ಬ್ಯಾರೆ ಭಾಷಾ ತಿಳಿಯಂಗಿಲ್ಲ."

"ಹಂಗಾರ ನಮ್ಮವ್ವನ ಕೈಯಾಗ ಕೊಡ್ರಿ. ಆಕಿನೂ ರಾಯಚೂರಾಕಿ. ಬೈಯೂದ್ರಾಗ ನಿಮಗಿಂತ ಒಂದ್ ಕೈ ಮುಂದ."

ಅವಳು ರೇಖಾ. ತಂದೆ ಗೂಡ್ಸ್ ರೈಲಿನ ಗಾರ್ಡ್. ನಾಲ್ವರೂ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಟ್ಟಿಗೆ ಬೆಳೆದವರು. ರೇಖಾ ಹಾಡುತ್ತಿದ್ದಳು, ಗಿಟಾರ್ ಬಾರಿಸುತ್ತಿದ್ದಳು. ಇಮ್ರಾನ್ ಡ್ರಮ್ಮಿನವನು. ಇನ್ನಿಬ್ಬರು ತೆಲುಗಿನ ಅಣ್ಣತಮ್ಮಂದಿರು, ಅವರೂ ಗಿಟಾರಿನವರೇ, ಅವರೂ ರೇಖಾಳ ಜೊತೆ ಧ್ವನಿ ಸೇರಿಸುವವರು. ಅವರ ಹೆಸರುಗಳು ಬಹಳ ಉದ್ದ, ದೊಡ್ಡ ರಾಜು, ಸಣ್ಣ ರಾಜು ಎಂದು ಕರೆದರೆ ಓಗೊಡುತ್ತಿದ್ದರು. ವಾರವೆಲ್ಲ ನಾಲ್ವರೂ ಒಂದೊಂದು ಕಂಪನಿಯಲ್ಲಿ ದುಡಿಯುವರು, ಲೋಕಲ್ ರೈಲಿನಲ್ಲಿ ಹೋಗಿಬರುವರು. ರೈಲಿನ ತಿಂಗಳ ಪಾಸಿಗೆ ಸೀಸನ್ ಪಾಸ್ ಎನ್ನುತ್ತಾರಲ್ಲ, ಅದನ್ನೇ ಬ್ಯಾಂಡಿಗೆ ಹೆಸರಿಟ್ಟಿದ್ದರು. ಹಾಡುವುದು ಇಂಗ್ಲಿಷಿನಲ್ಲಿ, ಹಾಡುಗಳು ತಾವೇ ಕಟ್ಟಿದ್ದು.

ಮೊದಲ ಕಾರ್ಯಕ್ರಮದಲ್ಲೇ ನಾನು ಸಾಬರ ಕಾನೂನಿನಂತೆ ಎಕೋ ಗುಂಡಿಯನ್ನು ಪೂರಾ ತಿರುಗಿಸಿ ಕೂತೆ. ಮೂರು ಗಿಟಾರು ಜೋರಾಗಿ ಹೊಡೆದವು, ಮೂವರೂ ಒಟ್ಟಿಗೆ ಬಾಯಿ ತೆರೆದರು. ಬಾವಿಯೊಳಗೆ ಮೂರು ಕೊಡ ಒಟ್ಟಿಗೆ ಬಿದ್ದ ಸದ್ದಾಯಿತು. ನನಗದು ಭರ್ಜರಿ ಅನ್ನಿಸಿತು. ಹಾಡು ಮುಗಿದದ್ದೇ ರೇಖಾ ವೇದಿಕೆಯಿಂದ ಇಳಿದು ನೇರ ನನ್ನ ಹತ್ತಿರ ಬಂದಳು.

"ಶರಣಣ್ಣ, ಎಷ್ಟ್ ಮಂದಿ ಹಾಡಾಕತ್ತೀವ್ರಿ ನಾವು?"

"ಮೂರು ಮಂದಿ."

"ನನಗ ಮೂವತ್ತು ಕೇಳಾಕತ್ತೈತಿ. ಉಳದ ಇಪ್ಪತ್ತೇಳು ಮಂದೀನ ಮನಿಗೆ ಕಳಸ್ರಿ."

ಎಕೋ ತೆಗೆದೆ. ಮನುಷ್ಯನ ಮೈಮೇಲಿನ ಅಂಗಿ ಎಳೆದ ಹಾಗೆ ನನಗೇ ನಾಚಿಕೆಯಾಯಿತು. ಆದರೆ ಮುಂದಿನ ಹಾಡಿನಲ್ಲಿ ಒಂದು ವಿಚಿತ್ರ ಕೇಳಿತು. ಮೂರು ಧ್ವನಿಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದು ಜಾಗಕ್ಕೆ ಬಂದು ಕೂಡುತ್ತಿದ್ದವು. ಅಷ್ಟು ವರ್ಷ ಮೈಕ್ ಕಟ್ಟಿದರೂ ಹಾಡಿನ ಒಳಗೆ ಹೀಗೆ ಕೋಣೆಗಳಿರುತ್ತವೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದು ಹೇಗೆ ಎಂದು ತಿಳಿಯದೆ ನಿದ್ದೆ ಬರಲಿಲ್ಲ.

ಅದಕ್ಕೇ ರಜೆಯ ದಿನ ಮಲ್ಕಾಜ್‌ಗಿರಿಗೆ ಹೋಗತೊಡಗಿದೆ. ಕ್ವಾರ್ಟರ್ಸಿನ ಹಿಂದೆ ಒಂದು ಹಳೆಯ ಕೋಣೆಯಲ್ಲಿ ಅವರು ಅಭ್ಯಾಸ ಮಾಡುತ್ತಿದ್ದರು. ರೈಲು ಹೋದಾಗಲೆಲ್ಲ ನಿಲ್ಲಿಸಬೇಕು. ಗೂಡ್ಸ್ ಆದರೆ ಐವತ್ತು ಡಬ್ಬಿ ದಾಟುವವರೆಗೂ ಇಮ್ರಾನ್ ಗಾಲಿಯ ಸದ್ದಿಗೆ ಸರಿಯಾಗಿ ತೊಡೆ ಬಡಿಯುತ್ತ ಕೂರುವನು. ರೇಖಾ ನನ್ನನ್ನು ಬಕೆಟ್ ಬೋರಲು ಹಾಕಿ ಕೂರಿಸಿ ಪಾಠ ಹೇಳಿದಳು. ಒಂದೊಂದು ಧ್ವನಿಯನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಮಿಕ್ಸರ್ ಪೆಟ್ಟಿಗೆಯ ಗುಂಡಿಗಳ ಮೇಲೆ ಮೂರು ಬೆರಳು ಇಡಿಸಿದಳು. ತೋರುಬೆರಳಿಗೆ ದೊಡ್ಡ ರಾಜು, ನಡುಬೆರಳಿಗೆ ತಾನು, ಉಂಗುರದ ಬೆರಳಿಗೆ ಸಣ್ಣ ರಾಜು. ಒಬ್ಬೊಬ್ಬರನ್ನೇ ಇಳಿಸಿ ಕೇಳು, ಯಾರು ಇಲ್ಲದಿದ್ದರೆ ಏನು ಹೋಗುತ್ತದೆ ನೋಡು. ಸಣ್ಣ ರಾಜುವಿನದು ತೆಳು ಧ್ವನಿ. ಅದು ಸರಿಯಾದ ಹೊತ್ತಿಗೆ ಒಂದು ಕೂದಲಿನಷ್ಟು ಮೇಲೆದ್ದರೆ ಹಾಡಿಗೆ ದೀಪ ಹಚ್ಚಿದ ಹಾಗೆ. ಅವನಿಗೆ ಮಾತ್ರ ಎಷ್ಟು ಏರಿಸಿದರೂ ಸಾಲದು. ಪ್ರತಿ ವೇದಿಕೆಯಿಂದಲೂ ಅವನದೊಂದೇ ಕೂಗು: "ನಾ ವಾಯ್ಸ್ ಇಂಕೊಂಚೆಂ ಪೆಂಚಂಡಿ ಅನ್ನಾ." ನನ್ನ ಧ್ವನಿ ಇನ್ನೊಂದಿಷ್ಟು ಏರಿಸಿ ಅಣ್ಣಾ.

ನಾನು ಮೈಕ್ ಪರೀಕ್ಷೆಗೆ "ಹಲೋ ಹಲೋ" ಎನ್ನುವುದನ್ನು ಬಿಡಿಸಿದವಳೂ ರೇಖಾಳೇ.

"ಹಲೋ ಅಂದ್ರ ಮೈಕ್ ಜೀವಂತ ಐತಿ ಅಂತ ಗೊತ್ತಾಗ್ತೈತಿ ಅಷ್ಟ. ಆರಾಮ ಐತೋ ಇಲ್ಲೋ ಗೊತ್ತಾಗಂಗಿಲ್ಲ. ಒಂದ್ ಹಾಡಿನ ಸಾಲು ಹಾಡ್ರಿ."

"ನನಗೆಲ್ಲಿ ಹಾಡಾಕ ಬರ್ತೈತವ್ವ."

"ಮಂದಿಗೆ ಕೇಳಸಾಕಲ್ಲ. ನೀವು ಕೇಳಾಕ ಹಾಡ್ರಿ."

ಹೊಸಬರೇ, ಈ ಒಂದು ಮಾತು ಇಟ್ಟುಕೊಳ್ಳಿ. ಏರುವ ಸ್ವರ, ಇಳಿಯುವ ಸ್ವರ ಎರಡೂ ಇರುವ ಒಂದು ಸಾಲು ಹಾಡಿದರೆ ಆ ಜಾಗದ ಗೋಡೆ, ಮೈಕು, ಪೆಟ್ಟಿಗೆ ಎಲ್ಲದರ ರೋಗವೂ ತಿಳಿಯುತ್ತದೆ.

ನಿಮ್ಮ ಹಾಡಿನ ಜಾತಿ ಯಾವುದು ಎಂದು ಕೇಳಿದೆ. ಪವರ್ ಪಾಪ್ ಅಂತಾರೆ ಅಂದಳು. ಹಾಗಂದರೆ? ಬೆಲ್ಲದ ಪಾಕಕ್ಕೆ ಒಣಮೆಣಸಿನಕಾಯಿ ಮುರಿದು ಹಾಕಿದಂತೆ, ಗಿಟಾರು ಖಾರ, ಧಾಟಿ ಸಿಹಿ. ಎಲ್ಲ ಹಾಡೂ ಮೂರೇ ನಿಮಿಷ ಯಾಕೆ ಎಂದೆ. "ಲೋಕಲ್ ರೈಲು ಸ್ಟೇಷನ್ನಿನ್ಯಾಗ ತಾಸುಗಟ್ಲೆ ನಿಂದರ್ತೈತೇನ್ರಿ? ಹತ್ತಾವ್ರು ಹತ್ತಬೇಕು, ಬಿಡಾವ್ರು ಬಿಡಬೇಕು, ಹೊಂಡಬೇಕು," ಎಂದಳು.

ಹತ್ತುವವರು ಮಾತ್ರ ಕಡಿಮೆ. ಕಂಪನಿಯವರಿಗೆ ಬೇಕಾದದ್ದು ಸಿನಿಮಾ ಹಾಡು. ಅದನ್ನು ಹತ್ತು ಹಾಡಿ, ನಡುವೆ ತಮ್ಮದೊಂದು ಎರಡು ಸೇರಿಸುವರು. ಆ ಹೊತ್ತಿಗೇ ಜನ ಎದ್ದು ಬಿರಿಯಾನಿಯ ಕಡೆ ನಡೆಯುವರು. ಒಬ್ಬ ಮ್ಯಾನೇಜರಂತೂ ನನ್ನ ಹತ್ತಿರ ಬಂದು, "ಬೀಚ್ ಮೇ ಇನೋ ಅಪ್ನಾ ಕುಚ್ ಬಜಾರೇ, ಥೋಡಾ ಕಮ್ ಕರೋ ಭಾಯ್," ಎಂದ. ಅವರು ತಮ್ಮದೇನೋ ಬಾರಿಸುತ್ತಿದ್ದಾರೆ, ಸದ್ದು ಕಡಿಮೆ ಮಾಡು ಎಂದು. ನಾನು ಅವನೆದುರಿಗೇ ಒಂದು ಗುಂಡಿ ತಿರುಗಿಸಿದೆ. ಆ ಗುಂಡಿಗೆ ಯಾವ ತಂತಿಯೂ ಇರಲಿಲ್ಲ. ಅವನು ಸಮಾಧಾನದಿಂದ ಹೋದ. ಇಂಥ ಗುಂಡಿ ಒಂದನ್ನು ಖಾಲಿ ಇಟ್ಟುಕೊಳ್ಳುವುದು ನಮ್ಮ ಕೆಲಸದಲ್ಲಿ ಬಹಳ ಉಪಯೋಗ.

ನನಗೆ ಕುತೂಹಲ ಇದ್ದದ್ದು ಎದ್ದು ಹೋಗುವವರ ಮೇಲಲ್ಲ, ಹೋಗದೆ ಉಳಿಯುವವರ ಮೇಲೆ. ಪ್ರತಿ ಸಲವೂ ಮೂರೋ ನಾಲ್ಕೋ ಜನ ಉಳಿಯುವರು. ಒಮ್ಮೆ ಒಬ್ಬ ವಾಚ್‌ಮನ್. ಒಮ್ಮೆ ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬ ತಾಯಿ, ಬಾಗಿಲವರೆಗೆ ಹೋಗಿ ಅಲ್ಲೇ ನಿಂತಳು. ಒಮ್ಮೆ ಊಟ ಬಡಿಸುವವನು ಸೌಟು ಹಿಡಿದುಕೊಂಡೇ ಬಂದು, "ಆ ಪಾಟ ಮಳ್ಳೀ ಪಾಡತಾರಾ?" ಎಂದು ಕೇಳಿದ, ಆ ಹಾಡು ಮತ್ತೆ ಹಾಡುತ್ತಾರಾ ಎಂದು. ಹೋಗಿ ರೇಖಾಗೆ ಹೇಳಿದೆ. ಅವಳು ನಾಲ್ಕು ದಿನ ಅದನ್ನೇ ಹೇಳಿಕೊಂಡು ತಿರುಗಿದಳು. "ಶರಣಣ್ಣ, ನಮಗ ಹೆಸರು ಬರಂಗಿಲ್ಲ ಬಿಡ್ರಿ, ಅದು ನನಗ ಗೊತ್ತೈತಿ. ಆದ್ರ ನಾವು ಸತ್ತಮ್ಯಾಲ ಒಂದ್ ಹಾಡರ ಯಾರದರ ಬಾಯಾಗ ಇರಬೇಕು ನೋಡ್ರಿ," ಎಂದಳು.

ಆರು ಹಾಡಿನ ಒಂದು ಸಿ.ಡಿ. ಮಾಡಿಸಿದರು. ಅದು ಕ್ಯಾಸೆಟ್ ಮಾರುವ ಅಂಗಡಿಗಳಲ್ಲಿ ಮೂಲೆ ಸೇರಿತು. ನನ್ನ ಹತ್ತಿರ ಒಂದು ಇದೆ. ನಾಲ್ಕೈದು ವರ್ಷ ಹೀಗೇ ನಡೆಯಿತು. ಆಮೇಲೆ ಇಮ್ರಾನನನ್ನು ಕಂಪನಿ ಪುಣೆಗೆ ಕಳಿಸಿತು, ರಾಜುಗಳ ಡ್ಯೂಟಿ ಒಬ್ಬನದು ಹಗಲು, ಒಬ್ಬನದು ರಾತ್ರಿಯಾಯಿತು. ಬೇಗಂಪೇಟೆಯ ಒಂದು ಸಣ್ಣ ಹಾಲಿನಲ್ಲಿ ಕೊನೆಯ ಸಲ ಸೇರಿ ಹಾಡುವುದೆಂದು ನಿಶ್ಚಯವಾಯಿತು. ಒಂದು ಭಾನುವಾರ ಮಧ್ಯಾಹ್ನ. ಬಂದವರು ನಲವತ್ತು ಜನ, ಅದರಲ್ಲಿ ಅರ್ಧ ರೈಲ್ವೆ ಕ್ವಾರ್ಟರ್ಸಿನವರು.

ಕೊನೆಯಲ್ಲಿ ಒಂದು ಹೊಸ ಹಾಡು ಹಾಡಿದರು. ಆ ವಾರವೇ ಕಟ್ಟಿದ್ದು. ಹೆಸರು ಗೇಟು. ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ಬಿದ್ದಿದೆ, ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಗೂಡ್ಸ್ ಮುಗಿಯುತ್ತಲೇ ಇಲ್ಲ, ಡಬ್ಬಿಗಳ ಸಂದಿಯಲ್ಲಿ ಮುಖ ಕಂಡು ಕಂಡು ಮರೆಯಾಗುತ್ತದೆ. ಇಂಗ್ಲಿಷ್ ನನಗೆ ತಿಳಿಯದು, ಅರ್ಥ ರೇಖಾ ಹೇಳಿದ್ದು. ಆದರೆ ನಡುವೆ ಒಂದು ಜಾಗದಲ್ಲಿ ಗಿಟಾರುಗಳು ಸುಮ್ಮನಾಗಿ, ಮೂರು ಧ್ವನಿಗಳಷ್ಟೇ ಉಳಿದು, ಕೊನೆಗೆ ಸಣ್ಣ ರಾಜು ಮೇಲೇರಿದಾಗ ನನ್ನ ಉಂಗುರದ ಬೆರಳು ತಾನಾಗಿ ಎದ್ದಿತು. ಅಂಥ ಹಾಡನ್ನು ನಾನು ಹಿಂದೆ ಕೇಳಿರಲಿಲ್ಲ.

ರೇಖಾ ಇಳಿದು ಬಂದಳು. "ಕ್ಯಾಸೆಟ್ ತಿರಗಾಕತ್ತಿತ್ತೇನ್ರಿ?"

"ತಿರಗದ ಇರ್ತೈತೇನವ್ವ. ಸಾಬರ ಕಾನೂನು."

"ಈ ಹಾಡು ಬ್ಯಾರೆಲ್ಲೂ ಇಲ್ರಿ. ಅದೊಂದ ಐತಿ. ಜ್ವಾಕಿಯಿಂದ ಇಡ್ರಿ, ಮುಂದಿನ ಐತವಾರ ಬಂದು ಒಯ್ತೀನಿ."

ಅಂಗಡಿಯ ಕ್ಯಾಸೆಟ್ಟುಗಳಲ್ಲಿ ಸೇರಿಹೋಗಬಾರದೆಂದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಲೇಬಲ್ಲಿನ ಮೇಲೆ ಸೀಸನ್ ಪಾಸ್, ಗೇಟು ಎಂದು ಬರೆದೆ. ಬರೆದದ್ದು ಕಿವಿಯ ಮೇಲಿನ ಪೆನ್ಸಿಲ್ಲಿನಿಂದ. ಕೈಗೆ ಅದೇ ರೂಢಿ. ಆಮೇಲೆ ಆ ಬಿಸಿಲಿನಲ್ಲಿ ಸ್ಪೀಕರ್ ಪೆಟ್ಟಿಗೆಗಳನ್ನು ಎದೆಗೊತ್ತಿ ಹೊತ್ತು ಟೆಂಪೋಗೆ ಹಾಕಿದೆ. ಬೆವರು, ಪೆಟ್ಟಿಗೆಯ ಉಜ್ಜು, ಎರಡೂ ಸೇರಿ ಅಕ್ಷರ ತಿಂದುಹಾಕಿದವು. ಮನೆಗೆ ಬಂದು ನೋಡದೆಯೇ ಕ್ಯಾಸೆಟ್ಟನ್ನು ಗೂಡಿನಲ್ಲಿಟ್ಟೆ. ನೋಡಲು ಪುರುಸೊತ್ತೆಲ್ಲಿ, ಮನೆಯಲ್ಲಿ ವಾರದ ಕೂಸು. ಮಗಳು ಸುವರ್ಣಾ ಹೆರಿಗೆಗೆ ಬಂದಿದ್ದಳು, ನನಗೆ ಮೊದಲ ಮೊಮ್ಮಗಳು ಹುಟ್ಟಿದ್ದಳು. ಆ ದಿನಗಳಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಶುಕ್ರವಾರ ತೊಟ್ಟಿಲು. ನಾನು ಅಂಗಡಿಯಿಂದ ರೆಕಾರ್ಡರ್ ತಂದೆ, ಖಾಲಿ ಕ್ಯಾಸೆಟ್ ತರಲು ಮರೆತೆ. ಹೆಂಗಸರು ಜೋಗುಳಕ್ಕೆ ಶುರುಮಾಡಿಯೇ ಬಿಟ್ಟಿದ್ದರು. ಗೂಡಿನಲ್ಲಿ ಒಂದು ಕ್ಯಾಸೆಟ್ ಕಂಡಿತು, ಲೇಬಲ್ ಖಾಲಿ. ಭಾನುವಾರ ನಾನೇ ಇಟ್ಟದ್ದೆಂದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ, ಹಾಕಿದೆ, ಗುಂಡಿ ಒತ್ತಿದೆ. ನನ್ನ ಹೆಂಡತಿ ಗೌರಮ್ಮ ಅವತ್ತು ಹಾಡಿದ್ದು ಹಾಡಿದ್ದೇ. ಒಂದು ಬದಿ ಮುಗಿಯಿತು, ತಿರುಗಿಸಿ ಹಾಕಿದೆ. ಅದೂ ತುಂಬಿತು. ಕೂಸಿಗೆ ಚೈತ್ರಾ ಎಂದು ಹೆಸರಿಟ್ಟೆವು.

ಶನಿವಾರ ರೇಖಾ ಅಂಗಡಿಗೆ ಫೋನ್ ಮಾಡಿ ನಾಳೆ ಬರುತ್ತೇನೆ ಎಂದಾಗ ಗೂಡಿನಲ್ಲಿಟ್ಟ ಕ್ಯಾಸೆಟ್ ನೆನಪಾಯಿತು. ಮನೆಗೆ ಓಡಿಬಂದು ಗೂಡಿನಲ್ಲಿ ಹುಡುಕಿದೆ. ಇದ್ದದ್ದು ಒಂದೇ ಕ್ಯಾಸೆಟ್. ಹಾಕಿ ಕೇಳಿದೆ, ಎರಡೂ ಬದಿ, ಮೊದಲಿಂದ ಕೊನೆಯವರೆಗೆ. ಜೋಗುಳ, ಕೂಸಿನ ಅಳು, ಯಾರೋ ಬೆಲ್ಲ ಕೇಳಿದ್ದು. ಬೇರೇನೂ ಇರಲಿಲ್ಲ.

ನಿಜ ಹೇಳಬಹುದಿತ್ತು. ಆದರೆ ನಿನ್ನ ಹಾಡಿನ ಮೇಲೆ ನಮ್ಮ ಮನೆಯ ಖುಷಿ ತುಂಬಿಕೊಂಡೆ ಎಂದು ಯಾವ ಬಾಯಿಂದ ಹೇಳುವುದು. ಮಾರನೆಯ ದಿನ ಅವಳು ಬಂದಾಗ, "ಅಂಗಡಿ ಕ್ಯಾಸೆಟ್ಟಿನ್ಯಾಗ ಕೂಡಿ ಹೋಗೇತವ್ವ, ಹುಡುಕಾಕತ್ತೀನಿ," ಎಂದೆ.

"ಅಷ್ಟ ಹೌದಿಲ್ರಿ? ಬರ್ರಿ, ಇಬ್ಬರೂ ಹುಡುಕೂಣು," ಎಂದು ಅವಳು ನೆಲದ ಮೇಲೆ ಕೂತೇಬಿಟ್ಟಳು.

ಅಂಥ ಮಧ್ಯಾಹ್ನ ಶತ್ರುವಿಗೂ ಬೇಡ. ಅವಳು ಒಂದೊಂದೇ ಕ್ಯಾಸೆಟ್ ಹಾಕುವಳು, ಸ್ವಲ್ಪ ಕೇಳುವಳು, ತೆಗೆಯುವಳು. ಮದುವೆ, ಮದುವೆ, ಭಾಷಣ, ಬಾರಾತ್, ಮದುವೆ. ನಾನು ಎದುರು ಕೂತು, ಇಲ್ಲವೆಂದು ಗೊತ್ತಿದ್ದೂ, ಮುಂದಿನ ಕ್ಯಾಸೆಟ್ ಎತ್ತಿ ಕೊಡುವೆನು. ಸಾಬರು ಎರಡು ಸಲ ಚಹಾ ತರಿಸಿದರು. ಕೊನೆಯ ಕ್ಯಾಸೆಟ್ಟೂ ಮುಗಿದಾಗ ಅವಳು ಕೈ ಝಾಡಿಸಿಕೊಂಡು ಎದ್ದಳು. "ಇರ್ಲಿ ಬಿಡ್ರಿ ಶರಣಣ್ಣ. ಸಿಕ್ರ ಫೋನ್ ಮಾಡ್ರಿ." ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆಮೇಲೆ ಅವರು ಕ್ವಾರ್ಟರ್ಸ್ ಬಿಟ್ಟರು, ನಂಬರ್ ಬದಲಾಯಿತು, ಎಲ್ಲಿ ಹೋದಳೋ ತಿಳಿಯಲಿಲ್ಲ.

ಅಂದಿನಿಂದ ನಾನು ಮಾಡಿದ್ದು ಒಂದೇ ಕೆಲಸ. ಹಾಡು ನನ್ನ ತಲೆಯಲ್ಲಿತ್ತು. ಅಲ್ಲಿಂದಲೂ ಅಳಿಸಿಹೋಗಬಾರದೆಂದು, ಎಲ್ಲಿ ಮೈಕ್ ಕಟ್ಟಿದರೂ ಗೇಟು ಹಾಡಿನ ಧಾಟಿಯಲ್ಲೇ ಪರೀಕ್ಷೆ ಮಾಡಿದೆ. ಮಾತಿಲ್ಲ, ಬರೀ ಲಾ ಲಾ. ಎಷ್ಟೋ ಮದುವೆ, ಎಷ್ಟೋ ಗಣಪತಿ ಪೆಂಡಾಲು, ಎಷ್ಟೋ ಲೀಡರುಗಳ ಸಭೆ ಆ ಹಾಡಿನಿಂದ ಶುರುವಾದವು, ಅವರಿಗೆ ಗೊತ್ತಿಲ್ಲ. ಮನೆಯಲ್ಲಿ ಕೂಸು ಅತ್ತರೂ ಅದನ್ನೇ ಹಾಡುತ್ತಿದ್ದೆ. ಗೌರಮ್ಮ, "ನಮ್ಮ ಜೋಗುಳ ಏನ್ ಸತ್ತಾವೇನ, ಇದ್ಯಾವ ಲಾ ಲಾ," ಎಂದು ಮೂತಿ ತಿರುವುತ್ತಿದ್ದಳು. ಕೂಸು ಮಾತ್ರ ಮಲಗುತ್ತಿತ್ತು.

ಕಾಲ ಬದಲಾಯಿತು. ಕ್ಯಾಸೆಟ್ ಹೋಯಿತು, ಸಾಬರು ತೀರಿಕೊಂಡರು, ಮಿಕ್ಸರ್ ಕಂಪ್ಯೂಟರ್ ಆಯಿತು. ನಾವು ಪೆಟ್ಟಿಗೆಯ ಹಿಂದೆ ಕೂತರೆ ಏಳುವ ಹಾಗಿರಲಿಲ್ಲ, ಚೈತ್ರಾ ಕೈಯಲ್ಲಿ ಸ್ಲೇಟಿನಂಥದ್ದು ಹಿಡಿದು ಜನರ ನಡುವೆ ನಡೆಯುತ್ತ ಧ್ವನಿ ಏರಿಸುತ್ತಾಳೆ, ಇಳಿಸುತ್ತಾಳೆ. ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು. ಮೈಕ್ ಪರೀಕ್ಷೆ ಮಾತ್ರ ಅವಳು ನಾನು ಕಲಿಸಿದ ಹಾಗೇ ಮಾಡುತ್ತಾಳೆ.

ಹೋದ ತಿಂಗಳು ಮಿಯಾಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಅವರದೇ ವಾರ್ಷಿಕ ಕಾರ್ಯಕ್ರಮ, ಸೌಂಡ್ ಚೈತ್ರಾಳದು. ಬೆಳಿಗ್ಗೆ ಖಾಲಿ ಕುರ್ಚಿಗಳ ಮುಂದೆ ನಿಂತು ಲಾ ಲಾ ಹಾಡುತ್ತಿದ್ದಾಗ, ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಒಬ್ಬ ಹೆಂಗಸು ನಿಂತರಂತೆ. ಚೀಲ ಕೆಳಗಿಟ್ಟು ಹತ್ತಿರ ಬಂದು, ಈ ಹಾಡು ನಿನಗೆಲ್ಲಿ ಸಿಕ್ಕಿತು ಎಂದು ಹಿಂದಿಯಲ್ಲಿ ಕೇಳಿದರಂತೆ. ನಮ್ಮ ಮುತ್ಯಾನದು ಎಂದಳಂತೆ ಇವಳು. ಮುತ್ಯಾ ಎಂಬ ಮಾತು ಕೇಳಿದ್ದೇ ಅವರು ಕನ್ನಡಕ್ಕೆ ತಿರುಗಿದರು.

ನನಗೆ ಫೋನ್ ಬಂತು. "ಮುತ್ಯಾ, ಇಲ್ಲೊಬ್ರು ಬಾಯಾರು ನಿನ್ನ ಕೇಳಾಕತ್ತಾರ. ಹೆಸರು ರೇಖಾ ಅಂತ."

ಮೆಟ್ರೋ ಹತ್ತಿ ಹೋದೆ. ಕೆಳಗೆ ಕಾಯುತ್ತಿದ್ದ ಚೈತ್ರಾ ಜೊತೆಗೂಡಿ ರೇಖಾಳ ಮನೆಗೆ ಕರೆದೊಯ್ದಳು. ಬಾಗಿಲು ತೆರೆದವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಮಾತು ಅದೇ.

"ಇಪ್ಪತ್ತು ವರ್ಷ ಹುಡುಕಾಕತ್ತೀರೇನ್ರಿ ಶರಣಣ್ಣ? ಸಿಕ್ತೇನು ಕ್ಯಾಸೆಟ್ಟು?"

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಪೆನ್ಸಿಲ್, ಬೆವರು, ತೊಟ್ಟಿಲು, ಅವತ್ತು ಮಧ್ಯಾಹ್ನವಿಡೀ ಗೊತ್ತಿದ್ದೂ ಕ್ಯಾಸೆಟ್ ಎತ್ತಿ ಕೊಟ್ಟದ್ದು. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, "ಅವತ್ತು ಒಂದ್ ಕ್ಯಾಸೆಟ್ಟಿನ ಲೇಬಲ್ಲೂ ಓದದ ಎತ್ತಿ ಕೊಡಾಕತ್ತಿದ್ರಿ. ನಾ ನೋಡಿದ್ದೆ," ಎಂದಳು. ನಾನು ಒಳಗೆ ಹೋಗಿ ಮೇಜಿನ ಮುಂದೆ ಕೂತೆ. ಅವಳು ಚೈತ್ರಾಳ ಕಡೆ ತಿರುಗಿದಳು.

"ಹಂಗಾರ ನನ್ನ ಹಾಡು ನುಂಗಿದಾಕಿ ನೀನ?"

"ನುಂಗಿದ್ದು ನಾನ ರೀ. ಆದ್ರ ಹೊಟ್ಟ್ಯಾಗ ಹಂಗ ಐತಿ," ಎಂದಳು ಚೈತ್ರಾ.

ರೇಖಾ ನಕ್ಕಳು. ಆಗ ಹೇಳಿದಳು, ಹಾಡಿನ ಮೊದಲ ಸಾಲು ಬಿಟ್ಟರೆ ತನಗೇ ಏನೂ ಉಳಿದಿಲ್ಲ ಎಂದು. ಇಮ್ರಾನನಿಗೆ ಡ್ರಮ್ಮು ಮಾತ್ರ ನೆನಪು. ಗಿಟಾರು ನಿಲ್ಲುವ ನಡುವಿನ ಭಾಗ ನಾಲ್ವರಲ್ಲಿ ಯಾರಿಗೂ ಇಲ್ಲ. ನಾನು ಕಣ್ಣು ಮುಚ್ಚಿ ಶುರುಮಾಡಿದೆ. ಆ ಜಾಗ ಬಂದಾಗ ಮೇಜಿನ ಮೇಲಿದ್ದ ನನ್ನ ಬೆರಳುಗಳು ನಡೆದವು. ತೋರುಬೆರಳು ಇಳಿಯಿತು, ನಡುಬೆರಳು ನಿಂತಿತು, ಉಂಗುರದ ಬೆರಳು ಎದ್ದಿತು. ರೇಖಾ ಆ ಬೆರಳನ್ನೇ ನೋಡುತ್ತಿದ್ದಳು. ಅದು ಎದ್ದದ್ದೇ ಅವಳು ಸಣ್ಣ ರಾಜುವಿನ ಸ್ವರ ಹಿಡಿದಳು. ಚೈತ್ರಾ ರೇಖಾಳದನ್ನು ಹಿಡಿದಳು. ನಾನು ದೊಡ್ಡ ರಾಜುವಿನ ಧಾಟಿಗೆ ಇಳಿದೆ, ಒಡಕು ಗಂಟಲಿನಲ್ಲಿ. ಮಾತುಗಳು ರೇಖಾಗೆ ಒಂದೊಂದಾಗಿ ಬಂದವು. ಎರಡನೆಯ ಚರಣದ ಎರಡು ಸಾಲು ಮಾತ್ರ ಬರಲಿಲ್ಲ, ಅಲ್ಲಿ ಲಾ ಲಾ ಇದ್ದೇ ಇದೆ.

ಚೈತ್ರಾ ಎಲ್ಲವನ್ನೂ ತುಂಬಿಕೊಂಡಿದ್ದಳು. ರೇಖಾ ಅದನ್ನು ಅಲ್ಲಿಂದಲೇ ಸಣ್ಣ ರಾಜುವಿಗೆ ಕಳಿಸಿದಳು. ಹತ್ತು ನಿಮಿಷಕ್ಕೆ ಅವನ ಫೋನ್. ಅವನು ಅಂದದ್ದು ಒಂದೇ ಮಾತು: "ನಾ ವಾಯ್ಸ್ ಇಂಕೊಂಚೆಂ ಪೆಂಚಂಡಿ ಅನ್ನಾ."

ಆ ಹಳೆಯ ಕ್ಯಾಸೆಟ್ಟನ್ನು ರೇಖಾಗೆ ಕೊಡುತ್ತೇನೆಂದೆ. ಬೇಡ, ಅದು ಈ ಕೂಸಿನದು ಎಂದಳು. ಮನೆಗೆ ಬಂದು ಹೊರಗೆ ತೆಗೆದೆ. ಲೇಬಲ್ಲಿನ ಮೇಲೆ ತೊಟ್ಟಿಲು ಎಂದು ನಾನು ಆಗ ಪೆನ್ಸಿಲ್ಲಿನಲ್ಲಿ ಬರೆದದ್ದೂ ಮಾಸಿಹೋಗಿತ್ತು. ಚೈತ್ರಾಳ ಪೆನ್ ಇಸಿದುಕೊಂಡು, ಮೇಲೆ ಚೈತ್ರಾಳ ತೊಟ್ಟಿಲು ಎಂದು ಬರೆದೆ. ಅದರ ಕೆಳಗೆ ಬರೆದೆ: ಗೇಟು, ಸೀಸನ್ ಪಾಸ್. ಇನ್ನು ಇದರ ಮೇಲೆ ಬೇರೆ ಯಾವ ಮದುವೆಯೂ ಇಲ್ಲ.